ಸರಾಸರಿಯಲ್ಲಿ ಮಾಯವಾಗುವ ಹತ್ತು ಜನ

ನಮ್ಮ ಸಿಂದಗಿ ಕಡೆ ಬೇಸಿಗೆಯಲ್ಲಿ ಟಿಸಿ ಸುಟ್ಟರೆ ನಿಂಬೆ ತೋಟಕ್ಕೆ ನೀರು ನಿಂತಂಗೇ. ಆಗ ಕೈ ಹೋಗೋದು ವಿದ್ಯುತ್ ದೂರಿನ 1912ಕ್ಕೆ. ಇಂಥ ಸಹಾಯವಾಣಿಗಳ ಕೆಲಸ ಅಳೆಯೋದು ಕಾಲ್ ಸೆಂಟರ್ ವರದಿ. ಅದನ್ನು ಓದೋದು ಹೇಗೆ? ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನನಗೆ ತಿಳಿದಷ್ಟು ಹೇಳ್ತೀನಿ.

ಮೊದಲು ಕಣ್ಣಿಗೆ ಬೀಳೋದು ಸರಾಸರಿ. 100 ಕರೆಗಳಲ್ಲಿ 90ನ್ನು 10 ಸೆಕೆಂಡಿಗೆ ಎತ್ತಿ, ಉಳಿದ 10 ಜನರನ್ನು 5 ನಿಮಿಷ ಕಾಯಿಸಿದರೂ ಸರಾಸರಿ ಬರೋದು 39 ಸೆಕೆಂಡು. ಶೇ 80ರಷ್ಟು ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಅನ್ನೋ ಹೆಸರಾದ ಗುರಿಯೊಂದಿದೆ. ಈ ಲೆಕ್ಕ ಅದರಲ್ಲೂ ಪಾಸು! ಕಾದ ಆ 10 ಜನ ಮಾತ್ರ ಕಾಣೋದೇ ಇಲ್ಲ.

ಇನ್ನೊಂದು ಎಎಚ್‌ಟಿ: ಮಾತಾಡಿದ, ಹೋಲ್ಡ್‌ನಲ್ಲಿಟ್ಟ, ಆಮೇಲೆ ದಾಖಲಿಸಿದ ಹೊತ್ತು ಕೂಡಿಸಿ ತೆಗೆದ ಸರಾಸರಿ. ಅದು ಕಡಿಮೆಯಾದರೆ ಶಹಬ್ಬಾಸ್ ಅಂತಾರೆ. ಆದರೆ ಅವಸರದಲ್ಲಿ ಫೋನ್ ಇಟ್ಟರೆ ರೈತ ಮತ್ತೆ ಕರೆ ಮಾಡ್ತಾನೆ. ವರದಿಯಲ್ಲಿ ಎರಡು ಚುಟುಕು ಕರೆ, ತೋಟದಲ್ಲಿ ಅದೇ ಒಣಗಿದ ಮಣ್ಣು.

ಅದಕ್ಕೇ ವರದಿಗೆ ಮೂರು ಕಾಲಂ ಸೇರಿಸಬೇಕು: ಅತಿ ಹೆಚ್ಚು ಕಾದ ಹೊತ್ತು, ಉತ್ತರ ಸಿಗುವ ಮೊದಲೇ ಕಟ್ ಆದ ಕರೆ, 24 ಗಂಟೆಯೊಳಗೆ ಅದೇ ನಂಬರಿನಿಂದ ಮರಳಿ ಬಂದ ಕರೆ. ದಿನದ ಬದಲು ಗಂಟೆವಾರು, ಜಿಲ್ಲೆಯ ಬದಲು ತಾಲ್ಲೂಕುವಾರು ಬಿಡಿಸಿ ನೋಡಬೇಕು. ಕಟ್ ಆದವು ಹೆಚ್ಚಿದ್ದರೆ ಆ ಹೊತ್ತಿಗೆ ಫೋನ್ ಎತ್ತೋರು ಸಾಲದು. ಮರಳಿ ಬಂದವು ಹೆಚ್ಚಿದ್ದರೆ ಲೈನ್‌ಮನ್‌ಗೆ ಸುದ್ದಿ ಮುಟ್ಟಿತಾ, ಕೆಲಸ ಆಯ್ತಾ ಅಂತ ಮೊದಲು ಕೇಳಬೇಕು.