ಉಬ್ಬಸದ ನಿದಾನ

‘ಬದನೆಕಾಯಿ ನಂಜು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಊರಿಗೆಲ್ಲ ರುಚಿಯಾದ ಪದಾರ್ಥ ಒಬ್ಬನ ಮೈಗೆ ಮಾತ್ರ ಒಗ್ಗದೆ ಹೋಗುವ ವಿಚಿತ್ರವನ್ನು ಅವರು ಬಲ್ಲವರಾಗಿದ್ದರು. ಅದಕ್ಕೆ ‘ಆಗಿಬರುವುದಿಲ್ಲ’ ಎಂಬ ಹದವಾದ ಮಾತನ್ನೂ ಇಟ್ಟುಕೊಂಡಿದ್ದರು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎರಡು ಗ್ರೀಕ್ ಶಬ್ದಗಳನ್ನು ಬೆಸೆದು ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದಾಗ ಅವನು ಹೇಳಹೊರಟಿದ್ದುದೂ ಹೆಚ್ಚುಕಡಿಮೆ ಇದನ್ನೇ: ಮೈ ಬೇರೆ ಬಗೆಯಾಗಿ ವರ್ತಿಸುವುದು. ಈಗ ಆ ಪದ ತೀರ ಅಗ್ಗವಾಗಿದೆ. ಸೀನಿದರೆ ಅಲರ್ಜಿ, ಕೆಮ್ಮಿದರೆ ಅಲರ್ಜಿ. ಹೆಸರಿಟ್ಟ ಮಾತ್ರಕ್ಕೆ ರೋಗದ ನಿದಾನವಾದಂತಾಗಲಿಲ್ಲ. ನಿದಾನವೆಂದರೆ ಮೂಲಕಾರಣವನ್ನು ಗುರುತಿಸುವುದು, ನಿಧಾನವೆಂದರೆ ಸಾವಕಾಶ. ಒಂದು ಮಹಾಪ್ರಾಣದಷ್ಟೇ ಅಂತರವುಳ್ಳ ಈ ಎರಡೂ ಉಬ್ಬಸದ ಚಿಕಿತ್ಸೆಯಲ್ಲಿ ಜೊತೆಗೂಡಿ ನಡೆಯಬೇಕಾಗುತ್ತದೆ.

ನಾನು ವೈದ್ಯನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು, ಬಹುಕಾಲದಿಂದ ಉಬ್ಬಸದವನು. ಆರ್.ಟಿ. ನಗರದಲ್ಲಿ ನನ್ನನ್ನು ನೋಡುವ ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಡುವ ಮೊದಲೇ ಕೇಳತೊಡಗಿದ್ದರು: “ಮೇಷ್ಟ್ರೇ, ಕೆಮ್ಮು ಹೆಚ್ಚುವುದು ಹಗಲಲ್ಲೋ, ಬೆಳಗಿನ ಜಾವದಲ್ಲೋ? ಹಾಸಿಗೆ ಕೊಡವಿದಾಗ ಸೀನು ಬರುತ್ತದೆಯೇ? ಪರಊರಿಗೆ ಹೋದಾಗ ಹೇಗಿರುತ್ತೀರಿ? ಮನೆಯ ಪಕ್ಕದ ಸೈಟಿನಲ್ಲಿ ಏನು ಬೆಳೆದಿದೆ?” ಇದು ಕಾಲಹರಣವಲ್ಲ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಧಾನ್ಯದ ಮಂಡಿಯ ಲೆಕ್ಕ ಬರೆಯುವವನಿಗೆ ಕೆಲಸದ ದಿನಗಳಲ್ಲಿ ಎದೆ ಕಟ್ಟಿ, ರಜೆಯ ದಿನ ಸಡಿಲವಾಗುವುದಾದರೆ, ಧಾನ್ಯದ ದೂಳನ್ನು ಮೊದಲು ಸಂದೇಹಿಸಬೇಕು. ವರ್ಷವಿಡೀ ಮುಂಜಾನೆ ಸೀನುವವನ ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ದೂಳಿನ ನುಸಿಗಳಿರಬಹುದು. ಕಾಲ, ಸ್ಥಳ, ಸಂದರ್ಭ ಈ ಮೂರನ್ನೂ ಬಿಡದೆ ಹೇಳುವ ರೋಗಿ ವೈದ್ಯರ ಅರ್ಧ ಕೆಲಸವನ್ನು ಮುಗಿಸಿಕೊಟ್ಟಂತೆ.

ಪಕ್ಕದ ಸೈಟಿನ ಪ್ರಶ್ನೆಗೆ ನಮ್ಮ ಉತ್ತರ ಬೆಂಗಳೂರಿನಲ್ಲಿ ವಿಶೇಷ ಅರ್ಥವಿದೆ. ಹೆಬ್ಬಾಳದಿಂದ ಯಲಹಂಕದವರೆಗೆ ಮಣ್ಣು ಕೆದಕಿ ಖಾಲಿ ಬಿಟ್ಟ ಕಡೆಯಲ್ಲೆಲ್ಲ ಮೇಲೇಳುವುದು ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ದೇಶವನ್ನೇ ಆವರಿಸಿತು. ಮುಟ್ಟಿದವರ ಚರ್ಮ ಕೆರಳುವುದು ಬೇಗ ತಿಳಿಯಿತು. ಉಸಿರಿನ ಕಥೆ ತಿಳಿಯಲು ತಡವಾಯಿತು. ಯಶವಂತಪುರಕ್ಕೆ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ. 34 ಮಂದಿಯ ಚರ್ಮ, ಉಬ್ಬಸದವರಲ್ಲಿ ಶೇ. 12 ಮಂದಿಯ ಚರ್ಮ ಈ ಗಿಡದ ಪರಾಗಕ್ಕೆ ಪ್ರತಿಕ್ರಿಯೆ ತೋರಿತು. ನಮ್ಮ ಜನ ಮಾತ್ರ ಬೇಸಿಗೆಯ ಮೊದಲಲ್ಲಿ ಬೀದಿಯನ್ನು ನಸುಗೆಂಪಾಗಿಸುವ ಟಬೂಬಿಯಾ ಮರವನ್ನು ಬಯ್ಯುತ್ತಾರೆ. ಪಾಪ, ಅದರ ಪರಾಗ ಜೇನುಹುಳಗಳ ಮೈಗಂಟಿ ಹೋಗುವಂಥದು. ನಮ್ಮನ್ನು ಕಾಡುವುದು ಗಾಳಿಯಲ್ಲಿ ತೇಲುವ ಪರಾಗ. ಅದನ್ನು ಬಿಡುವ ಹುಲ್ಲು ಕಳೆಗಳ ಹೂವನ್ನು ಯಾರೂ ತಿರುಗಿ ನೋಡುವುದಿಲ್ಲ. ಈ ಕಳೆಯನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯೊಂದನ್ನು 1983ರಲ್ಲಿ ತರಿಸಿ ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಚೆನ್ನಾಗಿಯೇ ಮೇಯುತ್ತದೆ. ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಮಲಗಿಬಿಡುತ್ತದೆ. ಗಿಡ ಉಳಿದುಕೊಂಡಿದೆ.

ಇನ್ನು ಪರೀಕ್ಷೆಗಳ ಮಾತು. ಮುಂಗೈಯ ಮೇಲೆ ಪರಾಗ, ನುಸಿ ಮುಂತಾದವುಗಳ ಸಾರವನ್ನು ಹನಿಹನಿಯಾಗಿ ಇಟ್ಟು ಸೂಜಿಯಿಂದ ಲಘುವಾಗಿ ಚುಚ್ಚುತ್ತಾರೆ; 15–20 ನಿಮಿಷಗಳಲ್ಲಿ ಒಗ್ಗದ ವಸ್ತುವಿದ್ದಲ್ಲಿ ದದ್ದು ಏಳುತ್ತದೆ. ಆದರೆ ದದ್ದು ಎದ್ದುದೆಲ್ಲ ರೋಗಕ್ಕೆ ಕಾರಣವಲ್ಲ. ರೋಗಿಯ ಕಥೆಯೊಡನೆ ಅದು ತಾಳೆಯಾಗಬೇಕು. ಕಥೆ ಕೇಳದೆ ಉದ್ದನೆಯ ಪಟ್ಟಿ ಹಿಡಿದು ಹಾಲು, ಮೊಟ್ಟೆ, ಗೋಧಿ ಎಲ್ಲವನ್ನೂ ಬಿಡಿಸುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯಲ್ಲ, ಉಪವಾಸವ್ರತ. ಉಬ್ಬಸವನ್ನು ಖಚಿತಪಡಿಸಲು ಸ್ಪೈರೋಮೀಟರಿಗೆ ಬಲವಾಗಿ ಊದಿಸಿ, ಶ್ವಾಸನಾಳ ಹಿಗ್ಗಿಸುವ ಮದ್ದು ಕೊಟ್ಟು, ಮತ್ತೆ ಊದಿಸುತ್ತಾರೆ. ಎರಡನೆಯ ಸಲ ಗಾಳಿ ಗಣನೀಯವಾಗಿ ಸರಾಗವಾದರೆ ಉಬ್ಬಸದ ಶಂಕೆ ಬಲವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಾದರೆ ನಮ್ಮ ದೇಶದಲ್ಲಿ ಮೊದಲು ಕ್ಷಯದ ಕಫಪರೀಕ್ಷೆ ಆಗಲೇಬೇಕು.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸದವರನ್ನು ಎಣಿಸಿದಾಗ 1979ರಲ್ಲಿ ಶೇ. 9 ಇದ್ದುದು 1999ರಲ್ಲಿ ಶೇ. 29.5 ಆಗಿತ್ತು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ, ನಿಜ. ಆದರೂ ಏರಿಕೆ ಏರಿಕೆಯೇ. ಇದಕ್ಕಿಂತ ನನ್ನನ್ನು ಕಲಕುವುದು ಇನ್ನೊಂದು ಅಂದಾಜು: 2019ರಲ್ಲಿ ಜಗತ್ತಿನ ಉಬ್ಬಸದ ಹೊರೆಯಲ್ಲಿ ಭಾರತದ ಪಾಲು ಸುಮಾರು ಶೇ. 13, ಉಬ್ಬಸದ ಸಾವುಗಳಲ್ಲಿ ಶೇ. 42. ಮದ್ದು ಇಲ್ಲವೆಂದಲ್ಲ, ಬಳಕೆಯಾಗುತ್ತಿಲ್ಲ.

ಕಾರಣಗಳಲ್ಲಿ ಒಂದು, ಇನ್ಹೇಲರಿನ ಭಯ. ಅದು ಚಟ ಹಿಡಿಸುತ್ತದೆ, ಕೊನೆಯ ಅಸ್ತ್ರ ಎಂಬ ಮಾತು ಓದಿದವರ ಮನೆಗಳಲ್ಲೂ ಕೇಳಿಬರುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳು ಅದನ್ನು ಕೈಚೀಲದ ತಳದಲ್ಲಿ ಬಚ್ಚಿಡುತ್ತಾರೆ. ಲೆಕ್ಕ ನೋಡೋಣ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಮದ್ದಿದ್ದರೆ, ಒಮ್ಮೆ ಸೇದುವುದರಲ್ಲಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲೊಂದು ಪಾಲು. ಮಾತ್ರೆ ಇಡೀ ಮೈ ಸುತ್ತಿಬರುತ್ತದೆ; ಸೇದಿದ್ದು ಬೇಕಾದ ಕಡೆಗೇ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಇದೆ. ಸಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆಯೇ ಹೊರತು ಅದರ ಒಳಪದರದ ಊತವನ್ನು ಇಳಿಸುವುದಿಲ್ಲ. ಊತವಿಳಿಸುವುದು ಸೇದುವ ಸ್ಟೀರಾಯ್ಡ್. ಅದರ ಫಲ ದಿನ, ವಾರಗಳಲ್ಲಿ ಕಾಣತಕ್ಕದ್ದು. ತಕ್ಷಣದ ಸುಖ ಕೊಡದ ಕಾರಣ ಜನ ಅದನ್ನೇ ಮೊದಲು ಬಿಡುತ್ತಾರೆ, ಸಾಲ್ಬುಟಮಾಲ್ ಒಂದನ್ನೇ ನೆಚ್ಚುತ್ತಾರೆ. 2019ರಿಂದ ಅಂತಾರಾಷ್ಟ್ರೀಯ ಮಾರ್ಗದರ್ಶಿಗಳೂ ಹದಿಹರೆಯದವರಿಗೆ, ವಯಸ್ಕರಿಗೆ ಸಾಲ್ಬುಟಮಾಲ್ ಒಂದರಲ್ಲೇ ಉಬ್ಬಸವನ್ನು ನಿಭಾಯಿಸಬಾರದೆಂದು ಹೇಳುತ್ತಿವೆ. ಉಸಿರು ಸರಾಗವಾಯಿತೆಂದು ಸ್ಟೀರಾಯ್ಡನ್ನು ನಾವಾಗಿ ನಿಲ್ಲಿಸುವಂತಿಲ್ಲ. ಪ್ರಮಾಣ ತಗ್ಗಿಸುವುದು ವೈದ್ಯರ ಕೆಲಸ. ಚಿಕ್ಕ ಮಕ್ಕಳಿಗೂ ನನ್ನಂಥ ಮುದುಕರಿಗೂ ಉಸಿರೆಳೆಯುವುದನ್ನೂ ಗುಂಡಿ ಒತ್ತುವುದನ್ನೂ ಹೊಂದಿಸಿಕೊಳ್ಳುವುದು ಕಷ್ಟ. ಅದಕ್ಕೆಂದೇ ಸ್ಪೇಸರ್ ಎಂಬ ಅಗ್ಗದ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಸ್ಟೀರಾಯ್ಡ್ ಸೇದಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಬಾಯೊಳಗೆ ಬಿಳಿಯ ಅಗ್ರ ಕಟ್ಟಬಹುದು.