ಭೋಗ್ಯ (ಮನೆ)

ಭೋಗ್ಯ ಎಂಬುದು ಮನೆಯ ಮಾಲೀಕನಿಗೆ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ನಿಗದಿತ ಅವಧಿಗೆ ಅಲ್ಲಿ ವಾಸಿಸುವ ಏರ್ಪಾಡು. ಬೆಂಗಳೂರು ಮೊದಲಾದ ಕರ್ನಾಟಕದ ನಗರಗಳಲ್ಲಿ ರೂಢಿಯಲ್ಲಿರುವ ಇದನ್ನು ಆಡುಮಾತಿನಲ್ಲಿ 'ಲೀಸ್' ಎನ್ನುತ್ತಾರೆ. ಅವಧಿ ಮುಗಿದಾಗ ಮೊತ್ತವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಬೇಕು. ಆ ಬಡ್ಡಿಯೇ ಬಾಡಿಗೆಯ ಸ್ಥಾನದಲ್ಲಿರುತ್ತದೆ. ಹೀಗಾಗಿ ಮಾಲೀಕನಿಗೆ ಇದು ಆದಾಯವಲ್ಲ, ಸಾಲ. ಹಣವನ್ನು ಕಟ್ಟಡಕ್ಕೆ ಸುರಿದ ಸಣ್ಣ ಮಾಲೀಕರು ಹೊಸ ಭೋಗ್ಯದಾರ ಸಿಗುವವರೆಗೆ ಹಳಬರ ಹಣ ತೀರಿಸಲಾಗದೆ ಸಿಲುಕುವುದುಂಟು.

ಪತ್ರದ ಒಕ್ಕಣೆ ಭೋಗ್ಯದ ಅಡಮಾನದ್ದಾಗಿದ್ದು ಮೊತ್ತ 100 ರೂಪಾಯಿ ಅಥವಾ ಹೆಚ್ಚಿದ್ದರೆ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 59ನೇ ಪ್ರಕರಣದಂತೆ ಅದು ನೋಂದಣಿಯಾಗಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಹೊಂದಿರಬೇಕು. ಆದರೂ ಲಕ್ಷಗಟ್ಟಲೆ ಹಣ ಬರಿಯ ಛಾಪಾ ಕಾಗದದ ಮೇಲೆ ಕೈಬದಲಾಗುವುದು ವಿಚಿತ್ರವೆನಿಸುವಷ್ಟು ಸಾಮಾನ್ಯ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತುಗಳು ತಪ್ಪಿದರೆ, 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಅದನ್ನು ಸ್ವಾಧೀನಕ್ಕೆ ಪಡೆಯಬಹುದು. ಋಣಭಾರ ಪ್ರಮಾಣಪತ್ರದಲ್ಲಿ ಎಲ್ಲ ಸಾಲಗಳೂ ಕಾಣದಿರಬಹುದಾದ್ದರಿಂದ ಹಣ ಕೊಡುವ ಮುನ್ನ ಮೂಲ ಹಕ್ಕುಪತ್ರಗಳನ್ನೇ ನೋಡಬೇಕಾಗುತ್ತದೆ.