ಇಪ್ಪತ್ತು ಆಡಿನ ಲೆಕ್ಕ

ಬೆಳಗಿನ ಐದೂವರೆಗೆ ದೊಡ್ಡಿಯ ಬಾಗಿಲು ತೆರೆದ ಮೇಲೆ ಮೊದಲ ಹತ್ತು ನಿಮಿಷ ನಾನು ಏನೂ ಮಾಡುವುದಿಲ್ಲ, ನಿಂತು ನೋಡುತ್ತೇನೆ. ಯಾವುದು ಇನ್ನೂ ಎದ್ದಿಲ್ಲ, ಯಾವುದು ಮೆಲುಕು ಹಾಕುತ್ತಿಲ್ಲ, ಯಾವುದರ ಮೂಗು ಸುರಿಯುತ್ತಿದೆ, ಯಾವುದರ ಬಾಲದ ಬುಡಕ್ಕೆ ಹಿಕ್ಕೆ ಮೆತ್ತಿಕೊಂಡಿದೆ. ಇಷ್ಟು ಗಮನಿಸಿದರೆ ಆ ದಿನದ ಅರ್ಧ ಕೆಲಸ ಮುಗಿದಂತೆ. ಬೀದರ್‌ನ ಕಾಲೇಜೊಂದರಲ್ಲಿ 28 ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಹಾಜರಿ ತೆಗೆದುಕೊಳ್ಳುವ ಈ ಹೊಸ ಪದ್ಧತಿ ಬೇಗನೆ ರೂಢಿಯಾಯಿತು.

ಭಾಲ್ಕಿ ತಾಲ್ಲೂಕಿನಲ್ಲಿರುವ ಅಪ್ಪನ ನಾಲ್ಕು ಎಕರೆ ಹೊಲದಲ್ಲಿ ಈಗ 20 ಹೆಣ್ಣಾಡು, ಒಂದು ಹೋತ, 12 ಕುರಿಗಳಿವೆ. ಆಡುಗಳೆಲ್ಲ ಉಸ್ಮಾನಾಬಾದಿ ತಳಿಯವು. ಉಸ್ಮಾನಾಬಾದ್ ಜಿಲ್ಲೆ 2023ರಲ್ಲಿ ಧಾರಾಶಿವ ಎಂದು ಹೆಸರು ಬದಲಿಸಿಕೊಂಡಿತು. ಆಡು ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿದೆ. ಬಹುಪಾಲು ಕಪ್ಪು ಮೈ, ಎತ್ತರದ ಕಾಲು, ಅವಳಿ ಮರಿ ಹಾಕುವ ಗುಣ. ಗಡಿಯ ಆಚೆಯ ಲಾತೂರಿನಲ್ಲಿ ಹೇಗೋ ಈಚೆಯ ಔರಾದ್, ಭಾಲ್ಕಿಯಲ್ಲೂ ಹಾಗೆಯೇ ಇದು ಬಡವರ ಮನೆಯ ಆಡು. ರಾಜ್ಯಗಳ ಗಡಿಯನ್ನು 1956ರಲ್ಲಿ ಎಳೆದವರು ಆಡುಗಳನ್ನು ಕೇಳಿರಲಿಲ್ಲ.

ಹೋತವನ್ನು ಕೊಳ್ಳಲು ಔರಾದ್ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಕೊರಳು ಎತ್ತಿ ನಿಂತಿದ್ದ ಭಾರಿ ಹೋತವೊಂದರ ಮೇಲೆ ನನ್ನ ಕಣ್ಣು ಬಿದ್ದದ್ದನ್ನು ಕಂಡ ಹಿರಿಯರು ನಕ್ಕರು: 'ಮಾಸ್ತರ್ರ, ಹೋತ ನೋಡಬ್ಯಾಡ್ರಿ, ಅದರ ತಾಯೀನ್ ನೋಡ್ರಿ.' 'ಯಾಕ್ ಕಾಕಾ?' ಎಂದೆ. 'ಅವಳಿ ಹಾಕಿ ಎರಡಕ್ಕೂ ಹಾಲು ಸಾಲಿಸಿದ ತಾಯಿ ಮಗನ್ನ ಒಯ್ರಿ. ಕೋಡು ನಿಮಗೇನು ಮರಿ ಕೊಡ್ತದೇನ್ರಿ?' ತಳಿ ಆಯ್ಕೆಯ ಕುರಿತು ಓದಿದ ಪುಟಗಳೆಲ್ಲ ಆ ಎರಡು ಮಾತಿನಲ್ಲಿ ಅಡಗಿದ್ದವು. ಅಂದಿನಿಂದ ಪ್ರತಿ ಮರಿಯ ತಾಯಿ, ಹುಟ್ಟಿದ ದಿನ, ತೂಕ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಹೋತವನ್ನು ಬದಲಿಸುತ್ತೇನೆ. ತನ್ನ ಮಗಳಿಗೇ ಅದು ಜೋಡಿಯಾಗಬಾರದು.

ಆ ನೋಟ್‌ಬುಕ್ಕಿನಲ್ಲಿ ನನ್ನ ತಪ್ಪುಗಳೂ ಇವೆ. ಮೂರು ವರ್ಷದ ಹಿಂದೆ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಆರು ಆಡು ತಂದು ಅಂದೇ ಸಂಜೆ ಹಿಂಡಿಗೆ ಸೇರಿಸಿಬಿಟ್ಟೆ. ವಾರದೊಳಗೆ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿಹುಣ್ಣು, ಭೇದಿ. ಪಿಪಿಆರ್ ರೋಗ. ಒಂಬತ್ತು ಮರಿ ಸತ್ತವು. ಗಾಬರಿಯಲ್ಲಿ ಹೂತುಬಿಟ್ಟೆವು. ಆಕಸ್ಮಿಕವಾಗಿ ಸಾಯುವ ಕುರಿ, ಆಡುಗಳಿಗೆ ರಾಜ್ಯ ಸರ್ಕಾರದ 'ಅನುಗ್ರಹ' ಯೋಜನೆಯಲ್ಲಿ ಪರಿಹಾರವಿದೆ. ಆದರೆ ಮರಣೋತ್ತರ ಪರೀಕ್ಷೆ ಆಗಿರಬೇಕು. ಅದು ತಿಳಿದದ್ದು ಮಣ್ಣು ಮುಚ್ಚಿದ ಮೇಲೆ. ನನ್ನ ಹೆಂಡತಿ ಎರಡು ದಿನ ದೊಡ್ಡಿಯ ಕಡೆ ಬರಲಿಲ್ಲ. ಓದು ಬರಹ ಬಲ್ಲ ನನ್ನ ಗತಿಯೇ ಹೀಗಾದರೆ ಐದಾರು ಆಡು ಕಟ್ಟಿಕೊಂಡ ವಿಧವೆಯ ಪಾಡೇನು ಎಂದು ಅಂದು ಅನ್ನಿಸಿದ್ದು ಇಂದಿಗೂ ಕಾಡುತ್ತಿದೆ.

ಪಿಪಿಆರ್‌ಗೆ ಪರಿಣಾಮಕಾರಿಯಾದ ಲಸಿಕೆಯನ್ನು ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದಾರೆ. ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ. 2030ರೊಳಗೆ ಈ ರೋಗವನ್ನು ಜಗತ್ತಿನಿಂದಲೇ ನಿರ್ಮೂಲ ಮಾಡುವ ಗುರಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಟ್ಟುಕೊಂಡಿದೆ. ಈಗ ನಮ್ಮಲ್ಲಿ ಹೊಸ ಜೀವ ಯಾವುದೇ ಬರಲಿ, ಮೂರು ವಾರ ಬೇರೆ ಗೂಡಿನಲ್ಲಿರಬೇಕು. ಜಂತಿನ ಔಷಧವನ್ನೂ ಕಣ್ಣುಮುಚ್ಚಿ ಎಲ್ಲಕ್ಕೂ ಕುಡಿಸುವುದಿಲ್ಲ. ಕೆಳರೆಪ್ಪೆ ಬಿಡಿಸಿ ನೋಡಿದಾಗ ಒಳಭಾಗ ಕೆಂಪಾಗಿದ್ದರೆ ಬಿಡುತ್ತೇನೆ. ಬಿಳಿಚಿಕೊಂಡಿದ್ದರೆ ಮಾತ್ರ ಔಷಧ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಜಂತುಗಳು ಔಷಧಕ್ಕೆ ಒಗ್ಗಿಕೊಂಡುಬಿಡುತ್ತವೆ.

ರೋಗಕ್ಕಿಂತ ದೊಡ್ಡ ಚಿಂತೆ ಮೇವಿನದು. ನಾನು ಹುಡುಗನಾಗಿದ್ದಾಗ ಸುತ್ತಲ ಹೊಲಗಳಲ್ಲಿ ಜೋಳವಿತ್ತು; ಕಣಕಿಯ ಬಣವೆ ಇಲ್ಲದ ಮನೆ ಇರಲಿಲ್ಲ. ಈಗ ಎಲ್ಲೆಲ್ಲೂ ಸೋಯಾ. ರಾಶಿಯಾದ ಮೇಲೆ ಅದು ಬಿಡುವ ಹೊಟ್ಟು ಜೋಳದ ಕಣಕಿಗೆ ಸಮನಲ್ಲ. ಗಾಯರಾಣ ಒತ್ತುವರಿಯಾಗಿದೆ, ಬದುಗಳು ಸಣ್ಣಗಾಗಿವೆ. ಹೀಗಾಗಿ ಅರ್ಧ ಎಕರೆಯಲ್ಲಿ ಕುದುರೆ ಮೆಂತೆ ಬಿತ್ತಿದ್ದೇನೆ, ಬದುವಿನ ಮೇಲೆ ಅಗಸೆ, ನುಗ್ಗೆ, ಸುಬಾಬುಲ್ ಹಚ್ಚಿದ್ದೇನೆ. ತೊಗರಿಯ ಹೊಟ್ಟನ್ನು ಚೀಲಗಟ್ಟಲೆ ಕೂಡಿಡುತ್ತೇನೆ. ಅಜೋಲಾ ತೊಟ್ಟಿಯ ಪ್ರಯೋಗ ಮಾತ್ರ ಏಪ್ರಿಲ್ ಬಿಸಿಲಿಗೆ ಬಾಡಿಹೋಯಿತು.

ಇನ್ನು ಆದಾಯ. ಕಳೆದ ವರ್ಷ ಹುಟ್ಟಿದ ಮರಿ 34, ಬದುಕಿದ್ದು 29, ಮಾರಿದ್ದು 18. ಕೈಗೆ ಬಂದದ್ದು 1,44,000 ರೂಪಾಯಿ. ಮೇಯಿಸುವವನ ಕೂಲಿ 72,000. ಹಿಂಡಿ, ಮೇವು, ಔಷಧಕ್ಕೆ 52,000. ಉಳಿದದ್ದು 20,000. ದಂಪತಿಯಾಗಿ ನಾವು ದುಡಿದದ್ದಕ್ಕೆ ಕೂಲಿ ಹಿಡಿದರೆ ಅದೂ ಇಲ್ಲ. ದಖನಿ ಕುರಿಯ ಕರಿ ಉಣ್ಣೆಗೆ ಬರುವ ಹಣ ಕತ್ತರಿಸುವವನ ಕೂಲಿಗೂ ಸಾಲುವುದಿಲ್ಲ. ಕಂಬಳಿ ಕೇಳುವವರೇ ಕಡಿಮೆ. 'ಆಡು ಸಾಕಿ ಲಕ್ಷಾಧೀಶರಾಗಿ' ಎನ್ನುವ ಮೊಬೈಲ್ ವಿಡಿಯೊಗಳು ಈ ಲೆಕ್ಕವನ್ನು ತೋರಿಸುವುದಿಲ್ಲ.

ಮಾರಾಟದಲ್ಲಿಯೂ ನಷ್ಟವಿದೆ. ನಮ್ಮ ಆಡುಗಳ ದಾರಿ ಇಂದಿಗೂ ಹೈದರಾಬಾದಿನತ್ತಲೇ. ಸಂತೆಯಲ್ಲಿ ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಕುದುರುತ್ತದೆ, ತೂಕ ಕಣ್ಣಂದಾಜು. ನಾನೊಂದು ತೂಗುವ ಯಂತ್ರ ಕೊಂಡೆ. ಅಂದಾಜಿಗೂ ನಿಜ ತೂಕಕ್ಕೂ ಮೂರು ನಾಲ್ಕು ಕಿಲೊ ಅಂತರ ಕಂಡದ್ದುಂಟು. ಈಗ ನೆರೆಹೊರೆಯ ಹೆಣ್ಣುಮಕ್ಕಳು ಸಂತೆಗೆ ಹೋಗುವ ಮುನ್ನ ತಮ್ಮ ಮರಿಗಳನ್ನು ನಮ್ಮಲ್ಲಿ ತೂಗಿಸಿಕೊಂಡು ಹೋಗುತ್ತಾರೆ. ನಮ್ಮ ಯೋಜನೆಗಳಲ್ಲೆಲ್ಲ ಗೆದ್ದದ್ದು ಇದೊಂದೇ ಎನ್ನಬಹುದು.

ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಪರಿಷ್ಕೃತವಾದಾಗ ಶೇ 50ರ ಸಹಾಯಧನಕ್ಕೆ 500 ಹೆಣ್ಣು, 25 ಗಂಡಿನ ಘಟಕ ಬೇಕಿತ್ತು. ಬಳಿಕ ಅದನ್ನು 100 ಹೆಣ್ಣು, 5 ಗಂಡಿಗೆ ಇಳಿಸಿದರು. ಸ್ವಾಗತಾರ್ಹವೇ. ಆದರೆ 100 ಆಡಿಗೆ ಮೇವು, ನೀರು, ಬ್ಯಾಂಕ್ ಸಾಲ ಹೊಂದಿಸಬಲ್ಲವರು ಔರಾದಿನ ಹಳ್ಳಿಗಳಲ್ಲಿ ಎಷ್ಟು ಮಂದಿ? 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿವೆ. ಅವುಗಳನ್ನು ಹೊತ್ತಿರುವುದು ಬಹುತೇಕ ಸಣ್ಣ ಹಿಡುವಳಿದಾರರು, ಭೂಹೀನರು. ಅವರಿಗೆ ಬೇಕಾದದ್ದು ದೊಡ್ಡ ಷೆಡ್ ಅಲ್ಲ: ಮುಂಗಾರಿಗೆ ಮುನ್ನ ಮನೆಬಾಗಿಲಿಗೆ ಲಸಿಕೆ, ಪ್ರತಿ ಸಂತೆಯಲ್ಲೊಂದು ತಕ್ಕಡಿ, ಊರಿಗೊಂದು ಒಳ್ಳೆಯ ಹೋತ, ಉಳಿದಿರುವ ಗಾಯರಾಣದ ರಕ್ಷಣೆ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಬೀದರ್‌ನ ನಂದಿನಗರದಲ್ಲಿರುವಾಗ ಈ ಜಿಲ್ಲೆಯಿಂದಲೇ ಇದು ಆರಂಭವಾಗಬಾರದೇಕೆ?

ಇದನ್ನು ಬರೆಯುವ ಹೊತ್ತಿಗೆ ಏಳನೇ ನಂಬರಿನ ಆಡು ಒಂಟಿಯಾಗಿ ಮೂಲೆ ಸೇರಿ ಕಾಲಿನಿಂದ ನೆಲ ಕೆರೆಯುತ್ತಿದೆ. ಜೋಡಿಯಾದ ದಿನದಿಂದ ಇಂದಿಗೆ 149 ದಿನ. ಹುಟ್ಟುವ ಮರಿಗೆ ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು, ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು. ಹೆಂಡತಿ ಆಗಲೇ ಒಣ ಚೀಲ, ಲಾಟೀನು ಹಿಡಿದು ಹೋಗಿ ಕುಳಿತಿದ್ದಾಳೆ. ಅವಳಿಯಾದರೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವ ಕೆಲಸ ನನ್ನದು.